ಅಪ್ಪನಿಗೆ ಕನ್ನಡ ಕಲಿಸಿದ ಕೋಣೆ

ಭಾಲ್ಕಿಯ ನಮ್ಮ ಮನೆಯ ಹಿಂದಿನ ಕೋಣೆಗೆ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಒಳಗಿನಿಂದ ಅಗಳಿ ಬೀಳುತ್ತಿತ್ತು. ಒಳಗೆ ಇರುತ್ತಿದ್ದವರು ಇಬ್ಬರೇ, ನಾನು ಮತ್ತು ನಮ್ಮಪ್ಪ. ಪಾಠ ಹೇಳುತ್ತಿದ್ದವಳು ನಾನು, ಪಾಟಿ ಹಿಡಿದು ಬರೆಯುತ್ತಿದ್ದವರು ಅವರು. ನನಗಾಗ ಹತ್ತು ತುಂಬಿರಲಿಲ್ಲ. ಅವರೋ ಊರಿನ ಸರ್ಕಾರಿ ಶಾಲೆಯ ಪ್ರಭುದಾಸ ಮಾಸ್ತರು, ಎದುರು ಬಂದರೆ ದೊಡ್ಡ ದೊಡ್ಡ ಗಂಡಸರು ತಲೆಯ ರುಮಾಲು ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಮುಂದೆ ನಾನೂ ಮಾಸ್ತರಕಿಯ ಕೆಲಸಕ್ಕೇ ಸೇರಿ ಜೀವಮಾನವನ್ನೆಲ್ಲ ಸುಣ್ಣದ ಕಡ್ಡಿಯ ಧೂಳಿನಲ್ಲಿ ಕಳೆದೆ. ನಿವೃತ್ತಿಯ ದಿನ ಹೊಸದಾಗಿ ಬಂದ ಒಬ್ಬ ಮೇಷ್ಟ್ರು ಕೇಳಿದರು: ಮೇಡಂ, ನೀವು ಬೋರ್ಡಿನ ಮೇಲೆ ತಪ್ಪು ಬರೆದರೆ ನಿಮ್ಮ ಹುಡುಗರು ತಪ್ಪು ತಪ್ಪು ಎಂದು ಕೂಗುತ್ತಾರಲ್ಲ, ಅಷ್ಟು ಸಲಿಗೆ ಕೊಡಬೇಕೆಂದು ಯಾವ ಟ್ರೇನಿಂಗಿನಲ್ಲಿ ಹೇಳಿಕೊಟ್ಟರು? ಕೊರಳಿಗೆ ಹಾರ ಹಾಕಿಸಿಕೊಂಡು ನಿಂತವಳು ಹೇಳುವ ಮಾತಲ್ಲ ಅದು ಎಂದು ನಕ್ಕು ಸುಮ್ಮನಾದೆ. ಅದರಲ್ಲಿ ನನ್ನ ತಪ್ಪೊಂದಿದೆ, ಅದನ್ನು ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಮನೆ ದೊಡ್ಡದೇನಲ್ಲ. ಕೆಂಪು ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮುಂದೆ ಪಡಸಾಲೆ, ಪಕ್ಕಕ್ಕೆ ಅಡುಗೆಮನೆ, ಹಿಂದೆ ಜೋಳದ ಚೀಲ ಮತ್ತು ಕಟ್ಟಿಗೆ ಇಡುವ ಆ ಕೋಣೆ. ಪಡಸಾಲೆ ಅಪ್ಪನದು. ಅಲ್ಲೊಂದು ಮರದ ತಖ್ತಿನ ಮೇಲೆ ಜಮಖಾನ, ಅದರ ಮೇಲೆ ಇಳಿಜಾರಿನ ಮೇಜು, ಮಸಿಯ ದೌತಿ, ಚೂಪಾಗಿ ಕೆತ್ತಿದ ಬಿದಿರಿನ ಕಲಮು, ಗೋಡೆಯ ಮಾಡದ ತುಂಬ ಉರ್ದು ಪುಸ್ತಕಗಳು. ನಿಜಾಮರ ಆಳಿಕೆಯಲ್ಲಿ ಶಾಲೆ, ಕಚೇರಿ, ಪೊಲೀಸು ಎಲ್ಲವೂ ಉರ್ದುವಿನಲ್ಲೇ ನಡೆಯುತ್ತಿದ್ದವು. ಅರ್ಜಿ ಬರೆಸಲು, ಬಂದ ಕಾಗದ ಓದಿಸಲು ಸುತ್ತಲಿನ ಹಳ್ಳಿಯವರೆಲ್ಲ ಆ ತಖ್ತಿನ ಮುಂದೆ ಬಂದು ಕೂರುತ್ತಿದ್ದರು. ಅಡುಗೆಮನೆ ಅವ್ವನದು. ಅಲ್ಲಿಯ ಮಾಡದಲ್ಲಿ ಉಪ್ಪಿನ ಗಡಿಗೆಯ ಪಕ್ಕ ಎರಡು ಕನ್ನಡ ಪುಸ್ತಕಗಳಿದ್ದವು, ಒಂದು ಸತ್ಯವೇದ, ಇನ್ನೊಂದು ಗೀತೆಗಳ ಪುಸ್ತಕ. ಅವ್ವ ರತ್ನಮ್ಮ ಮಿಷನ್ನಿನ ಬೋರ್ಡಿಂಗಿನಲ್ಲಿ ಬೆಳೆದವಳು, ಕನ್ನಡವನ್ನು ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದಳು. ಆದರೆ ಅದನ್ನು ಓದು ಎಂದು ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

“ಅದೇನು ಓದು? ಹಾಡಿನ ಪುಸ್ತಕ. ಕಚೇರ್ಯಾಗ ಹೋಗಿ ಹಾಡ್ತೀಯೇನು?” ಎಂದು ಅಪ್ಪ ಹಂಗಿಸುತ್ತಿದ್ದರು.

ಅಪ್ಪ ಹುಟ್ಟಿದ್ದು ಔರಾದದ ಕಡೆ. ಅವರ ತಾಯಿ, ನಮ್ಮ ಆಯಿ, ನಮ್ಮ ಜೊತೆಗೇ ಇದ್ದಳು. ತಾಯಿ ಮಗ ಮಾತಾಡಿಕೊಳ್ಳುತ್ತಿದ್ದುದು ಮರಾಠಿಯಲ್ಲಿ. ಅವ್ವನ ಜೊತೆ, ನನ್ನ ಜೊತೆ ಕನ್ನಡದಲ್ಲಿ. ಬಾಯಿಂದ ಕನ್ನಡ ಸರಾಗವಾಗಿ ಬರುತ್ತಿತ್ತು, ಬರಹಕ್ಕೆ ಬಂದರೆ ಒಂದಕ್ಷರ ಗೊತ್ತಿರಲಿಲ್ಲ. ಭಾನುವಾರ ಮಿಷನ್ನಿನ ದೇವಾಲಯದಲ್ಲಿ ಎಲ್ಲರೂ ಪುಸ್ತಕ ನೋಡಿ ಹಾಡುವಾಗ ಅಪ್ಪ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಹಾಡುತ್ತಿದ್ದರು. ಹಾಡುಗಳೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿದ್ದವು. ಜನ ಅದನ್ನು ಭಕ್ತಿ ಎಂದುಕೊಂಡಿದ್ದರು. ಶಾಲೆಯಲ್ಲಿ ಮಾತ್ರ ಅವರು ಕಣ್ಣು ಮುಚ್ಚಿದವರಲ್ಲ. ಪಡಸಾಲೆಯ ಬಾಗಿಲ ಹಿಂದೆ ಹುಣಸೆಯ ಛಡಿಯೊಂದು ನೇತಾಡುತ್ತಿತ್ತು, ಬೆಳಿಗ್ಗೆ ಅವರ ಜೊತೆ ಶಾಲೆಗೆ ಹೋಗಿ ಶಾಲೆ ಬಿಟ್ಟ ಮೇಲೆ ಅವರ ಜೊತೆಗೇ ಮನೆಗೆ ಬರುತ್ತಿತ್ತು. ಹುಡುಗ ತಪ್ಪಿದರೆ ಮೊದಲು ಅವರ ಬಾಯಿಂದ “ಭೇಜಾದಾಗ ಭೂಸಾ ತುಂಬ್ಯಾದೇನು?” ಎಂಬ ಮಾತು ಬೀಳುತ್ತಿತ್ತು, ಆಮೇಲೆ ಕೈಮೇಲೆ ಏಟು. ನಮ್ಮ ಮಿಷನ್ ಶಾಲೆ ಅದೇ ಬೀದಿಯಲ್ಲಿತ್ತು. ನಾನು ಕನ್ನಡ ಪಾಠ ಓದುತ್ತ ಕೂತಿದ್ದರೂ ಕಿವಿಗೆ ಅಪ್ಪನ ಛಡಿಯ ಸಪ್ಪಳ ಬೀಳುತ್ತಿತ್ತು. ಗೆಳತಿಯರು ನನ್ನ ಮುಖ ನೋಡುತ್ತಿದ್ದರು, ನಾನು ಪುಸ್ತಕದೊಳಗೆ ಮುಖ ಹಾಕುತ್ತಿದ್ದೆ.

ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ದಿನ ಶಾಲೆಯಲ್ಲಿ ಬೂಂದಿ ಹಂಚಿದರು. ಎರಡೂ ಕೈ ಒಡ್ಡಿ ಇಸಿದುಕೊಂಡು ಓಡೋಡಿ ಮನೆಗೆ ಬಂದೆ. ಅಪ್ಪನ ಪಾಲಿನ ಬೂಂದಿ ತಖ್ತಿನ ಮೇಲೆ ಪೊಟ್ಟಣದಲ್ಲಿ ಹಾಗೇ ಇತ್ತು, ಇರುವೆ ಮುತ್ತಿದ್ದವು. ಕೆಲವು ತಿಂಗಳು ಕಳೆದ ಮೇಲೆ ಹುಕುಂ ಬಂತು. ಇನ್ನು ಶಾಲೆಯಲ್ಲಿ ಕನ್ನಡದಲ್ಲೇ ಕಲಿಸಬೇಕು, ಕನ್ನಡ ಬಾರದ ಮಾಸ್ತರರು ಬೀದರದಲ್ಲಿ ನಡೆಯುವ ಪರೀಕ್ಷೆಗೆ ಕೂತು ಪಾಸಾಗಬೇಕು, ಆಗದಿದ್ದರೆ ನೌಕರಿ ಇಲ್ಲ. ಆವತ್ತು ಊಟಕ್ಕೆ ಕೂತಾಗ ರೊಟ್ಟಿಯ ತಟ್ಟೆಯ ಮುಂದೆ ಅಪ್ಪ ಪ್ರಾರ್ಥನೆ ಹೇಳುವುದನ್ನೂ ಮರೆತರು. ಆಯಿ ಪುಂಡಿಪಲ್ಯ ಬಡಿಸುತ್ತ, ಅವ್ವನಿಗೂ ತಿಳಿಯಲೆಂದು ಕನ್ನಡದಲ್ಲೇ, ಮೆಲ್ಲಗೆ ಮಾತು ತೆಗೆದಳು.

“ಬಿಡು ಪ್ರಭು, ಈ ತಾಪ ಬ್ಯಾಡ. ಔರಾದಕ್ಕ ಹೋಗೋಣ. ನಿಮ್ಮಣ್ಣಂದು ಹೊಲ ಅದ, ಮನಿ ಅದ.”

“ಅಣ್ಣನ ಮನ್ಯಾಗ ನಾ ಏನು ಮಾಡ್ಲಿ? ಅವನ ಎತ್ತು ಕಾಯ್ಲೇನು?”

“ಅವರ ಮನ್ಯಾಗ ಹೆಣ್ಣಮಕ್ಕಳಿಗಿ ಸಾಲಿಗಿ ಕಳಸಂಗಿಲ್ಲ, ಅತ್ತಿ,” ಎಂದಳು ಅವ್ವ. “ಸುಗುಣಾನ ಗತಿ ಏನು?”

“ನಾ ಸಾಲಿ ಕಲ್ತೇನೇನು? ಸತ್ತೇನೇನು?” ಎಂದು ಆಯಿ ಸೌಟು ಕುಕ್ಕಿದಳು.

ಅವ್ವ ಅಪ್ಪನ ಕಡೆ ತಿರುಗಿದಳು. “ರೀ, ನಾ ಕಲಸ್ತೇನ್ರಿ. ದಿನಾ ಒಂದು ತಾಸು ಕೂತ್ರ ಸಾಕು, ಬರ್ತದ.”

ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದರು. “ಹೆಂಡ್ತಿ ಮುಂದ ಪಾಟಿ ಹಿಡಕೊಂಡು ಕೂಡ್ಲೇನು? ಇಜ್ಜತ್ ಅಂಬೋದು ಅದೋ ಇಲ್ಲೋ?”

ಅಷ್ಟು ವರ್ಷ ಯಾರ ಓದನ್ನು ಓದೇ ಅಲ್ಲ ಎಂದಿದ್ದರೋ ಅವಳ ಮುಂದೆ ಹೋಗಿ ಕೂರುವುದು ಅವರಿಂದ ಆಗುವ ಮಾತಾಗಿರಲಿಲ್ಲ. ಆದರೆ ಕನ್ನಡ ಕಾಗದಗಳು ಅವರ ಇಜ್ಜತ್ತಿಗೆ ಕಾಯುತ್ತ ಕೂರಲಿಲ್ಲ. ಒಂದು ದಿನ ಹಲಬರ್ಗಾದಿಂದ ಸಂಗಪ್ಪ ಎಂಬ ಮುದುಕ ಬಂದ. ಅವನ ಹೊಲದ ತಕರಾರಿನ ಅರ್ಜಿಗಳನ್ನೆಲ್ಲ ಉರ್ದುವಿನಲ್ಲಿ ಬರೆದುಕೊಟ್ಟವರು ಅಪ್ಪನೇ. ಈ ಸಲ ತಹಶೀಲ ಕಚೇರಿಯಿಂದ ಬಂದ ಕಾಗದ ಕನ್ನಡದಲ್ಲಿತ್ತು.

“ಏನು ಬರ್ದಾರ ನೋಡ್ರಿ ಮಾಸ್ತರ್ರಿ, ಜರಾ ಜಲ್ದಿ ಓದ್ರಿ. ರೈಲು ಹೋಗ್ತದ.”

“ಕೂಡು. ಚಷ್ಮಾ ಒಳಗ ಅದ, ತರ್ತೇನಿ.”

“ಚಷ್ಮಾ ನಿಮ್ಮ ಕಣ್ಣಿನ ಮ್ಯಾಲೇ ಅದಲ್ರಿ!”

“ಇದು ದೂರಂದು. ಓದೂದು ಬ್ಯಾರೆ ಅದ.”

ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ ಚಷ್ಮಾ. ಅಪ್ಪ ಅಡುಗೆಮನೆಗೆ ಬಂದು, ಅವ್ವನ ಮುಖ ನೋಡದೆ, ಕಾಗದವನ್ನು ಅವಳ ಕಡೆ ಚಾಚಿದರು. ಅವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ದನಿ ತಗ್ಗಿಸಿ ಓದಿದಳು. ಅಪ್ಪ ಅದನ್ನು ನೆನಪಿಟ್ಟುಕೊಂಡು ಹೊರಗೆ ಹೋಗಿ, ಕಾಗದ ಕಣ್ಣ ಮುಂದೆ ಹಿಡಿದು, ಗಟ್ಟಿಯಾಗಿ ಒಪ್ಪಿಸಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕಾಗದ ತಲೆಕೆಳಗಾಗಿ ಹಿಡಿದಿದ್ದಾರೇನೋ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಹಾಗೇನೂ ಆಗಲಿಲ್ಲ, ಸಂಗಪ್ಪ ಕೈ ಮುಗಿದು ಹೋದ. ಅಪ್ಪ ತಿರುಗಿ ನಿಂತಾಗ ಅವರ ಅಂಗಿಯ ಬೆನ್ನು ಪೂರಾ ಒದ್ದೆಯಾಗಿತ್ತು. ಅದೇ ದಿನ ನಾಲ್ಕು ಗಂಟೆಗೆ ನನ್ನನ್ನು ಕರೆದರು.

“ಸುಗುಣಿ, ನಿನ್ನ ಪಾಟಿ ತಗೊಂಡು ಹಿಂದಿನ ಕೋಣ್ಯಾಗ ಬಾ.”

ಪಾಠಕ್ಕೆ ಅಪ್ಪನ ಕಾಯಿದೆಗಳಿದ್ದವು. ಯಾರಿಗೂ ಗೊತ್ತಾಗಕೂಡದು. ಕಾಗದದ ಮೇಲೆ ಬರೆಯಕೂಡದು, ಯಾರ ಕೈಗಾದರೂ ಸಿಕ್ಕರೆ ಮಾಸ್ತರ ಅ ಆ ತಿದ್ದುತ್ತಾನೆಂದು ಊರೆಲ್ಲ ಹಬ್ಬುತ್ತದೆ. ಪಾಟಿಯಾದರೆ ಒರೆಸಿಬಿಡಬಹುದು. ಹೊರಗೆ ಯಾರಾದರೂ ಬಾಗಿಲು ಬಡಿದರೆ ಅಪ್ಪ ಅಂಗೈಯಿಂದ ಪಾಟಿ ಒರೆಸಿ ನನ್ನ ಕೈಗೆ ಕೊಟ್ಟು, “ಏಳೆಂಟ್ಲಿ ಎಷ್ಟು?” ಎಂದು ಗದರುತ್ತಿದ್ದರು. ನಾನು “ಐವತ್ತಾರ್ರಿ!” ಎಂದು ಕೂಗುತ್ತಿದ್ದೆ. ಬಂದವರು ಮಗಳಿಗೆ ಮಗ್ಗಿ ಕಲಿಸುತ್ತಿದ್ದಾರೆಂದು ತಿಳಿದು ಹೋಗುತ್ತಿದ್ದರು. ಓದಲಿಕ್ಕೆ ನಮ್ಮ ಶಾಲೆಯ ಕಪಾಟಿನಿಂದ ಮೊದಲ ಪುಸ್ತಕವೊಂದನ್ನು ನಮಗೆ ಕಲಿಸುವ ಅಕ್ಕೋರ ಹತ್ತಿರ ಕೇಳಿ ತಂದಿದ್ದೆ. ಹಾಳೆ ಹರಿದರೆ ಅಕ್ಕೋರು ನನ್ನನ್ನು ಬಿಡುವವರಲ್ಲ. ಹಾಗಾಗಿ ಪುಸ್ತಕವನ್ನು ನಾನೇ ಹಿಡಿದುಕೊಳ್ಳುತ್ತಿದ್ದೆ, ಹಾಳೆಯನ್ನು ನಾನೇ ತಿರುವುತ್ತಿದ್ದೆ. ಅಪ್ಪನ ಬೆರಳು ಅಕ್ಷರದ ಕೆಳಗೆ ಮಾತ್ರ ಓಡಾಡುತ್ತಿತ್ತು. ಒಟ್ಟಿನಲ್ಲಿ ನಮ್ಮಪ್ಪ ಕನ್ನಡದ ಅಷ್ಟೂ ಅಕ್ಷರ ಕಲಿತರು, ಒಂದು ಕನ್ನಡ ಪುಸ್ತಕವನ್ನೂ ತಾವಾಗಿ ತೆರೆಯದೆ. ಆಗ ಇದು ನನ್ನ ಗಮನಕ್ಕೆ ಬರಲೇ ಇಲ್ಲ.

ಮೊದಮೊದಲು ನನಗೆ ಖುಷಿಯೋ ಖುಷಿ. ಅಪ್ಪ ಇಷ್ಟು ಹತ್ತಿರ ಕೂತದ್ದೇ ಆವರೆಗೆ ಇರಲಿಲ್ಲ, ಮಸಿಯ ವಾಸನೆಯ ಅವರ ಅಂಗಿ ನನ್ನ ಭುಜಕ್ಕೆ ತಾಗುತ್ತಿತ್ತು. ಆದರೆ ಒತ್ತಕ್ಷರಕ್ಕೆ ಬಂದಾಗ ಬಂಡಿ ಕೆಸರಿಗೆ ಬಿತ್ತು. ಒಂದೇ ತಪ್ಪನ್ನು ದಿನವೂ ಮಾಡುತ್ತಿದ್ದರು. ನನಗೆ ಕಲಿಸುವುದೆಂದರೆ ಹೇಗೆಂದು ತಿಳಿದಿದ್ದು ಅವರನ್ನು ನೋಡಿಯೇ, ಬೇರೆ ಯಾವ ಮಾದರಿ ಇತ್ತು? ಒಂದು ದಿನ ಅದೇ ತಪ್ಪು ನಾಲ್ಕನೆಯ ಸಲ ಪಾಟಿಯ ಮೇಲೆ ಬಂದಾಗ ನಾನು ಸೊಂಟದ ಮೇಲೆ ಕೈಯಿಟ್ಟು, ಅವರದೇ ರಾಗದಲ್ಲಿ ಹೇಳಿಬಿಟ್ಟೆ.

“ಭೇಜಾದಾಗ ಭೂಸಾ ತುಂಬ್ಯಾದೇನು?”

ಅಪ್ಪನ ಮುಖ ಕಪ್ಪಿಟ್ಟಿತು. ಪಕ್ಕದಲ್ಲಿದ್ದ ನನ್ನ ಮರದ ರೂಲು ಎತ್ತಿಕೊಂಡರು. ಎಡಗೈಯಿಂದ ನನ್ನ ಮುಂಗೈ ಹಿಡಿದು ಬೆರಳಿನ ಗೆಣ್ಣುಗಳ ಮೇಲೆ ಹೊಡೆದರು, ಒಂದಾದ ಮೇಲೊಂದು, ಮೂರು ಸಲ. ಹೊರಗೆ ಆಯಿ ಜೋಳ ಕೇರುವ ಸಪ್ಪಳ ನಿಂತಿತು.

“ಪಾಠ ಹೇಳ್ತಿ ಅಂದ್ರ ಮಾಸ್ತರ ಆದೇನು? ನಾ ನಿಮ್ಮಪ್ಪ ಅದೇನಿ. ಬಾಯಿ ಸಂಭಾಳಸು.”

ನಾನು ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತೇನೋ. ಅವ್ವ ಬೆರಳು ನೋಡಿ ಕೇಳಿದಾಗ ಬಾಗಿಲಿಗೆ ಸಿಕ್ಕಿತು ಎಂದೆ. ಅವಳು ನಂಬಲಿಲ್ಲ, ಎಣ್ಣೆ ಬೆಚ್ಚಗೆ ಮಾಡಿ ತಿಕ್ಕಿದಳು. ಮರುದಿನ ನಾಲ್ಕಕ್ಕೆ ಅಪ್ಪ ಏನೂ ಆಗಿಲ್ಲವೆಂಬಂತೆ ಕೋಣೆಗೆ ಕರೆದರು. ಹೋದೆ. ಅಂದಿನಿಂದ ಪಾಠಕ್ಕೆ ಬೇಕಾದದ್ದನ್ನು ಬಿಟ್ಟು ಒಂದು ಮಾತೂ ನನ್ನ ಬಾಯಿಂದ ಬರಲಿಲ್ಲ. ನನ್ನ ಸಿಟ್ಟು ಬೇಗ ಇಳಿಯುವ ಜಾತಿಯದಲ್ಲ, ಈಗಲೂ ಅಲ್ಲ.

ಪರೀಕ್ಷೆಗೆ ಒಂದು ವಾರವಿರುವಾಗ ಅವ್ವ ಕೋರಾ ಹಾಳೆಗಳನ್ನು ಮಡಚಿ, ನಡುವೆ ದಾರ ಹಾಕಿ ಹೊಲಿದು, ಪರೀಕ್ಷೆಯಲ್ಲಿ ಕೊಡುವಂಥ ಒಂದು ವಹಿ ಮಾಡಿ ನನ್ನ ಕೈಲಿ ಕಳಿಸಿದಳು. ಅಲ್ಲಿ ಪಾಟಿ ನಡೆಯಂಗಿಲ್ಲ, ಕಾಗದದ ಮೇಲೆ ಕೈ ಕೂಡಬೇಕು ಅಂತ ಹೇಳು ಎಂದಳು. ಅಪ್ಪ ವಹಿಯನ್ನು ಇಸಿದುಕೊಂಡು ತೊಡೆಯ ಮೇಲಿಟ್ಟರು. ಉರ್ದು ಪುಸ್ತಕ ಬಲಗಡೆಯಿಂದ ತೆರೆಯುತ್ತದೆ, ನಮಗೆ ಯಾವುದು ಕೊನೆಯ ಹಾಳೆಯೋ ಅದು ಅವರಿಗೆ ಮೊದಲನೆಯದು. ಅಪ್ಪನ ಕೈ ಜೀವಮಾನವೆಲ್ಲ ಮಾಡಿದ್ದನ್ನೇ ಮಾಡಿತು. ಕೊನೆಯ ಹಾಳೆ ತೆರೆದು, ಅಲ್ಲಿ ಎಡದಿಂದ ಬಲಕ್ಕೆ ಸರಿಯಾಗಿ ಕನ್ನಡದಲ್ಲೇ ರಜೆಯ ಅರ್ಜಿ ಬರೆಯತೊಡಗಿದರು. ಆ ಹಾಳೆ ತುಂಬಿದ ಮೇಲೆ ಅದರ ಹಿಂದಿನದು, ಆಮೇಲೆ ಅದರ ಹಿಂದಿನದು. ನಾನು ನೋಡಿದೆ. ಮಾತು ತುಟಿಯವರೆಗೆ ಬಂದಿತ್ತು. ಗೆಣ್ಣು ಇನ್ನೂ ಊದಿಕೊಂಡಿತ್ತು. ಬೀದರದ ಸಾಹೇಬರು ಇವರನ್ನು ನೋಡಿ ನಗಲಿ, ತಪ್ಪು ಮಾಡಿ ನಾಲ್ಕು ಜನರ ಮುಂದೆ ನಿಲ್ಲುವುದು ಹೇಗಿರುತ್ತದೆಂದು ಇವರಿಗೂ ಒಮ್ಮೆ ತಿಳಿಯಲಿ ಎಂದುಕೊಂಡೆ. ನಗುವುದಷ್ಟೇ ನನ್ನ ತಲೆಗೆ ಹೊಳೆದದ್ದು. ನೌಕರಿ, ಔರಾದ, ನನ್ನ ಸ್ವಂತ ಓದು ಯಾವುದೂ ನೆನಪಿಗೆ ಬರಲಿಲ್ಲ.

“ಸರಿ ಅದೇನು ನೋಡು.”

“ಸರಿ ಅದರಿ.”

ಅಕ್ಷರ ಸರಿಯಾಗೇ ಇದ್ದವು, ಆ ಲೆಕ್ಕಕ್ಕೆ ನಾನು ಸುಳ್ಳು ಹೇಳಿರಲಿಲ್ಲ. ಮುಂದೆ ನನ್ನ ಕ್ಲಾಸಿನಲ್ಲಿ ಎಷ್ಟೋ ಸಲ ಹುಡುಗರ ಮುಖದಲ್ಲಿ ಆ ನೋಟ ಕಂಡಿದ್ದೇನೆ. ನಾನು ಬೋರ್ಡಿನ ಮೇಲೆ ಏನೋ ತಪ್ಪಿರುತ್ತೇನೆ, ಮೂಲೆಯಲ್ಲಿ ಕೂತ ಒಬ್ಬನಿಗೆ ಅದು ಗೊತ್ತಾಗಿರುತ್ತದೆ, ಹೇಳದೆ ಒಳಗೊಳಗೇ ಮಜಾ ತೆಗೆದುಕೊಳ್ಳುತ್ತಿರುತ್ತಾನೆ. ಅಂಥ ಹುಡುಗನನ್ನು ಕಂಡರೆ ನಾನು ಬೈಯುವುದಿಲ್ಲ. ಹಿಂದಿನ ವಾರ ಅವನಿಗೆ ನಾನೇನು ಅಂದೆ ಎಂದು ನೆನಪು ಮಾಡಿಕೊಳ್ಳುತ್ತೇನೆ.

ಪರೀಕ್ಷೆಯ ದಿನ ಅಪ್ಪ ಹಳೆಯ ಶೇರವಾನಿ ತೊಟ್ಟು ಬೆಳಗಿನ ರೈಲಿಗೆ ಬೀದರಕ್ಕೆ ಹೋದರು. ಹೊತ್ತು ಮುಳುಗುವ ಮೊದಲೇ ಬಂದರು, ಕೈವಸ್ತ್ರದ ತುಂಬ ಪೇರಲಹಣ್ಣು. ಅಪ್ಪ ನನಗೆಂದು ಏನಾದರೂ ಕೈಯಾರೆ ಕೊಂಡು ತಂದದ್ದು ಅದೇ ಮೊದಲು.

“ತಗೋ ಮಾಸ್ತರಬಾಯಿ. ಎಲ್ಲಾ ಸವಾಲಿಗಿ ಜವಾಬು ಬರದೇನಿ. ಒಂದು ಬಿಟ್ಟಿಲ್ಲ.”

ಅವರು ನಗುತ್ತಿದ್ದರು. ಹೇಳಿಬಿಡಬೇಕು ಅನ್ನಿಸಿತು, ಆದರೆ ಏನಂತ ಹೇಳುವುದು? ಪೇರಲ ಒಂದು ಸಲ ಕಚ್ಚಿದೆ. ಹಿತ್ತಲಿಗೆ ಹೋಗಿ ಮೇಕೆಗೆ ಹಾಕಿದೆ. ಬೀದರದ ಸಾಹೇಬರು ಪುಸ್ತಕ ನೋಡುವವರು, ಹಿಂದಿನಿಂದ ಬರೆದರೂ ಓದದೆ ಇರುತ್ತಾರೆಯೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಪಾಸಾದವರ ಯಾದಿ ಬರುವವರೆಗೂ ದಿನವೂ ಮಲಗುವಾಗ ಅದೊಂದನ್ನೇ ಪ್ರಾರ್ಥಿಸುತ್ತಿದ್ದೆ.

ಯಾದಿ ಬಂತು. ಅಪ್ಪನ ಹೆಸರಿನ ಮುಂದೆ ಕಡಿಮೆ ಅಂಕವಲ್ಲ, ಸೊನ್ನೆ ಇತ್ತು. ಅಪ್ಪ ಅದೇ ದಿನ ಬೀದರಕ್ಕೆ ಓಡಿದರು. ಕಚೇರಿಯ ಕಿಟಕಿಯಲ್ಲಿದ್ದ ಗುಮಾಸ್ತ ದಫ್ತರ ನೋಡಿ, ನಿಮ್ಮ ಕಾಗದ ಖಾಲಿ ಇದೆ ಎಂದನಂತೆ. ತಿರುಗಿ ಬಂದವರು ತಖ್ತಿನ ಮೇಲೆ ಶೇರವಾನಿಯ ಗುಂಡಿಯನ್ನೂ ಬಿಚ್ಚದೆ ಕೂತರು.

“ಕೋರಾ ಅದ ಅಂತ. ನನ್ನ ಕಾಗದ ಕೋರಾ ಅದ ಅಂತ. ಯಾರೋ ಬದ್ಲಿ ಮಾಡ್ಯಾರ. ಬಿಲ್ಕುಲ್ ಬದ್ಲಿ ಮಾಡ್ಯಾರ.”

ಯಾರು ಬದಲಿ ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ಅವ್ವ ಕೇಳಿದರೆ ಮತ್ತೆ ಅದೇ ಮಾತು. ಅವರು ಎರಡು ದಿನ ಶಾಲೆಗೆ ಹೋಗಲಿಲ್ಲ. ಮೂರನೆಯ ದಿನ ಔರಾದಕ್ಕೆ ಅಣ್ಣನಿಗೆ ಕಾಗದ ಬರೆದರು. ದೊಡ್ಡಪ್ಪನ ಜವಾಬು ಬಂತು, ಕೊಟ್ಟಿಗೆಯ ಪಕ್ಕದ ಕೋಣೆ ಖಾಲಿ ಮಾಡಿಸಿದ್ದೇನೆ, ಸೋಮವಾರ ಬಂಡಿ ಕಳಿಸುತ್ತೇನೆ. ಆಯಿ ಗೋಣಿಚೀಲ ಹುಡುಕಿ ತಂದು ಪಾತ್ರೆ ಕಟ್ಟಲು ಶುರುಮಾಡಿದಳು. ನನ್ನ ಪಾಟಿಯನ್ನೂ ಚೀಲಕ್ಕೆ ಹಾಕುತ್ತಿದ್ದವಳು, ಇದು ಯಾತಕ್ಕ ಇನ್ನ ಎಂದು ಪಕ್ಕಕ್ಕೆ ಒಗೆದಳು. ಕಾಗದ ಯಾಕೆ ಖಾಲಿ ಕಂಡಿತೆಂದು ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಶನಿವಾರ ಮಧ್ಯಾಹ್ನ ಅವ್ವ ಮತ್ತೆ ಹಾಳೆಗಳನ್ನು ಹೊಲಿದುಕೊಂಡು ನೇರವಾಗಿ ಪಡಸಾಲೆಗೆ ಬಂದಳು. ಮುಂಬಾಗಿಲು ತೆರೆದೇ ಇತ್ತು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ವಹಿಯನ್ನು ಅಪ್ಪನ ಮೇಜಿನ ಮೇಲಿಟ್ಟಳು.

“ಅಲ್ಲಿ ಹ್ಯಾಂಗ ಬರದ್ರಿ, ಇಲ್ಲಿ ಹಂಗೇ ಬರೀರಿ. ಕಾಗದ ಕೈಯಾಗ ಕೊಟ್ರಲ್ಲ, ಅಲ್ಲಿಂದ ಶುರು ಮಾಡ್ರಿ.”

“ಹುಚ್ಚ ಹಿಡದಾದೇನು? ಬಾಗಿಲಾ ಹಾಕು.”

“ಹಾಕಂಗಿಲ್ಲ. ಬರೀರಿ.”

ಅವ್ವ ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ, ಅಪ್ಪನೂ ಕೇಳಿರಲಿಲ್ಲವೇನೋ. ಕಲಮು ಮಸಿಯಲ್ಲಿ ಅದ್ದಿದರು, ವಹಿಯನ್ನು ಹತ್ತಿರ ಎಳೆದುಕೊಂಡರು, ತಿರುಗಿಸಿ ಕೊನೆಯ ಹಾಳೆ ತೆರೆದರು. ಎರಡು ಸಾಲು ಬರೆಯುವಷ್ಟರಲ್ಲಿ ಅವ್ವ ಅವರ ಮಣಿಕಟ್ಟಿನ ಮೇಲೆ ಕೈಯಿಟ್ಟಳು. ವಹಿಯನ್ನು ಮುಚ್ಚಿ, ಈ ಕಡೆ ತಿರುಗಿಸಿ, ತನ್ನ ಸತ್ಯವೇದವನ್ನು ತೆರೆಯುವ ಹಾಗೆ ಎಡಗಡೆಯಿಂದ ತೆರೆದಳು. ಒಂದು ಬಿಳಿ ಹಾಳೆ. ಮಗುಚಿದಳು, ಇನ್ನೊಂದು ಬಿಳಿ ಹಾಳೆ.

“ಅವರು ಹಿಂಗ ನೋಡ್ಯಾರ್ರಿ. ಎರಡು ಹಾಳಿ ತಿರವ್ಯಾರ, ಖಾಲಿ ಕಂಡಾದ, ಮುಚ್ಚಿ ಇಟ್ಟಾರ.”

ಅಪ್ಪ ಆ ಹಾಳೆಯನ್ನೇ ನೋಡುತ್ತ ಕೂತರು. ಅವ್ವ ನನ್ನ ಕಡೆ ತಿರುಗಿದಳು.

“ಸುಗುಣಾ, ಅವತ್ತ ವಹ್ಯಾಗ ನಿನ್ನ ಮುಂದ ಬರದಾರಲ್ಲ. ನೀ ನೋಡಿಲ್ಲೇನು?”

ಇಲ್ಲ ಅನ್ನಬಹುದಿತ್ತು. ಹುಡುಗಿ, ತಿಳಿಯಲಿಲ್ಲ ಅಂದರೆ ಎಲ್ಲರೂ ನಂಬುತ್ತಿದ್ದರು. ಅವ್ವನ ಕಣ್ಣು ಮಾತ್ರ ನನ್ನ ಬೆರಳಿನ ಮೇಲಿತ್ತು.

“ನೋಡೇನಿ.”

“ಮತ್ತ ಯಾಕ ಹೇಳಿಲ್ಲ?”

“ಅಪ್ಪ ಹೊಡದಿದ್ರು. ಅದಕ್ಕ ಹೇಳಿಲ್ಲ. ಎಲ್ಲಾರೂ ಅವರಿಗಿ ನಗಲಿ ಅಂತ ಸುಮ್ಮ ಇದ್ದೆ.”

“ಹಾಯ್ ದೇವಾ,” ಎಂದು ಆಯಿ ಚೀಲ ಬಿಟ್ಟು ಎದ್ದಳು. “ಹೊಟ್ಟ್ಯಾಗ ಹುಟ್ಟಿದ ಕೂಸು ಇದು!”

ಅಪ್ಪ ಎದ್ದು ಬಾಗಿಲ ಕಡೆ ನಡೆದರು. ಛಡಿ ಅಲ್ಲೇ ಇತ್ತು. ಯಾರೂ ಹೇಳದೆ ನಾನು ಕೈ ಮುಂದೆ ಚಾಚಿದೆ, ಅಂಗೈ ಮೇಲೆ ಮಾಡಿ, ಅವರ ಶಾಲೆಯ ಹುಡುಗರು ಚಾಚುವ ಹಾಗೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಬಾಗಿಲು ಹಿಡಿದು ನಿಂತು ನನ್ನ ಕೈ ನೋಡುತ್ತಿದ್ದರು.

“ಸೋಮವಾರ ನನ್ನ ಜೋಡಿ ಬೀದರಕ್ಕ ಬಾ,” ಎಂದಷ್ಟೇ ಹೇಳಿ ಹೊರಗೆ ಹೋದರು.

ಸೋಮವಾರ ಬೆಳಿಗ್ಗೆ ದೊಡ್ಡಪ್ಪ ಕಳಿಸಿದ ಬಂಡಿ ಮನೆಯ ಮುಂದೆ ಬಂದು ನಿಂತಿತ್ತು. ಅಪ್ಪ ಬಂಡಿಯವನಿಗೆ, ಸಂಜಿತನಕ ಎತ್ತು ಬಿಚ್ಚಿ ಕಟ್ಟು, ಏನಂಬೋದು ಬಂದು ಹೇಳ್ತೇನಿ ಎಂದರು. ಆಯಿ ಕಟ್ಟಿದ ಗಂಟುಗಳ ನಡುವೆ ಮುಖ ಊದಿಸಿಕೊಂಡು ಕೂತಿದ್ದಳು. ಅವ್ವ ನನ್ನ ಜಡೆ ಬಿಗಿದು ಕಟ್ಟಿ, ಬೆನ್ನು ಸವರಿದಳು. ಸ್ಟೇಷನ್ನಿನವರೆಗೆ ಅಪ್ಪ ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ರೈಲಿನಲ್ಲಿ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಹಲಬರ್ಗಾ ಬಂತು, ಹೋಯಿತು. ನನ್ನನ್ನು ಸಾಹೇಬರ ಮುಂದೆ ನಿಲ್ಲಿಸಿ ಇದೆಲ್ಲ ಇವಳ ಕೆಲಸ ಎಂದು ಹೇಳಿಸುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಪೊಲೀಸರಿಗೆ ಕೊಟ್ಟರೂ ಕೊಟ್ಟಾರು ಅನ್ನಿಸಿತ್ತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತ ಬಂದೆ.

ಕಚೇರಿಯಲ್ಲಿ ಕಿಟಕಿಯ ಹತ್ತಿರ ನಿಲ್ಲದೆ ಅಪ್ಪ ಸೀದಾ ಸಾಹೇಬರ ಮೇಜಿನ ಮುಂದೆ ಹೋದರು. ಸಾಹೇಬರು ಮೈಸೂರಿನ ಕಡೆಯಿಂದ ಬಂದವರು. ಸುತ್ತ ನಾಲ್ಕೈದು ಗುಮಾಸ್ತರು, ಅಪ್ಪನನ್ನು ಮೊದಲಿಂದ ಬಲ್ಲ ಇಬ್ಬರು ಮಾಸ್ತರರೂ ಅಲ್ಲಿ ಬೆಂಚಿನ ಮೇಲೆ ಕೂತಿದ್ದರು. ಅಪ್ಪ ಅವರನ್ನು ನೋಡಿದರು. ಒಂದು ಗಳಿಗೆ ತಿರುಗಿ ಹೊರಟೇಬಿಡುತ್ತಾರೆ ಅನ್ನಿಸಿತು.

“ಏನ್ ಮಾಸ್ಟ್ರೇ, ಖಾಲಿ ಪೇಪರ್ ಕೊಟ್ಟು ಹೋಗಿ ಈಗ ಬಂದಿದ್ದೀರಲ್ಲ?” ಎಂದರು ಸಾಹೇಬರು.

“ಖಾಲಿ ಇಲ್ರಿ. ಅದು ತರಸ್ರಿ, ಹಿಂದಿನ ಹಾಳಿಯಿಂದ ತೆಗದು ನೋಡ್ರಿ. ಉರ್ದು ಪುಸ್ತಕ ತೆಗದಂಗ ತೆಗದು ಬರದೇನ್ರಿ. ನನಗ ಗೊತ್ತಾಗಿಲ್ಲ.”

ಒಬ್ಬ ಗುಮಾಸ್ತ ಫಕ್ಕನೆ ನಕ್ಕ. ಬೆಂಚಿನ ಮೇಲಿದ್ದವರೂ ನಕ್ಕರು. ಅಪ್ಪನ ಕಿವಿ ಕೆಂಪಾಗಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ನಾನು ಬೇಕೆಂದು ಕೇಳಿಕೊಂಡಿದ್ದ ನಗು ಇದೇ, ನನ್ನ ಕಣ್ಣೆದುರೇ ನಡೆಯುತ್ತಿತ್ತು. ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಕಾಗದ ಬಂತು. ಸಾಹೇಬರು ಕೊನೆಯ ಹಾಳೆ ತೆರೆದು ಓದಲು ಹಿಡಿದರು, ಒಂದು ಮುಗಿಸಿ ಅದರ ಹಿಂದಿನದಕ್ಕೆ ಬಂದರು. ಅಲ್ಲಲ್ಲಿ ಕೆಂಪು ಮಸಿಯಿಂದ ಗೆರೆ ಎಳೆದರು. ಪೂರಾ ಓದಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತಪ್ಪುಗಳಿವೆ. ಆದ್ರೂ ಪಾಸಾಗೋದಕ್ಕೆ ಏನೂ ಅಡ್ಡಿ ಇಲ್ಲ. ಯಾದಿ ತಿದ್ದಿಸ್ತೀನಿ, ನೀವು ಹೋಗಿ ಶಾಲೆಗೆ ಹಾಜರಾಗಿ.” ಆಮೇಲೆ ಸಲಿಗೆಯಿಂದ ನಕ್ಕರು. “ಅಲ್ರೀ, ಪುಸ್ತಕ ಯಾವ ಕಡೆಯಿಂದ ತೆಗೀಬೇಕು ಅಂತ ನಿಮಗೆ ಕನ್ನಡ ಕಲಿಸಿದವರು ಹೇಳ್ಲಿಲ್ವಾ? ಯಾರು ಆ ಮೇಷ್ಟ್ರು?”

ನನ್ನ ಸರದಿ ಬಂತು ಎಂದುಕೊಂಡೆ. ಬಾಯಿಪಾಠ ಮಾಡಿದ ಮಾತೆಲ್ಲ ಮರೆತುಹೋಗಿತ್ತು. ಅಪ್ಪ ಹಿಂದೆ ಕೈ ಚಾಚಿ ನನ್ನ ಭುಜ ಹಿಡಿದು ಮುಂದೆ ತಂದು ನಿಲ್ಲಿಸಿದರು.

“ಇಕಿರಿ, ನನ್ನ ಮಗಳು. ನಾ ಹಿಂದಿನಿಂದ ಬರ್ಯೂದು ಇಕಿ ನೋಡಿದ್ಳು. ಹೇಳೂ ಹಂಗ ನಾ ಇಕಿಗಿ ಇಟ್ಟಿರಲಿಲ್ರಿ.”

ಯಾರೂ ನಗಲಿಲ್ಲ. ರೂಲಿನ ಏಟಿಗೆ ಬಾರದ ಅಳು ಆಗ ಬಂತು. ಅಷ್ಟು ಜನರ ಮುಂದೆ, ಸಾಹೇಬರ ಮೇಜಿನ ಅಂಚು ಹಿಡಿದು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ನನಗೆ ಸುಮ್ಮನಿರು ಅನ್ನಲಿಲ್ಲ.